ಸಿನಿಮಾದ ಜಲೀಲ್, ಅಜ್ಜಂಪುರದ ಖಲೀಲ್

ಕೋವಿಡ್ ಕಳೆದ ಮರುವರ್ಷ. ತರೀಕೆರೆಯ ಸಿವಿಲ್ ಕೋರ್ಟಿನಲ್ಲಿ ನಾನು ವಕೀಲಿಕೆ ಆರಂಭಿಸಿ ಎರಡು ದಶಕ ದಾಟಿತ್ತು. ನನ್ನ ಬಳಿ ಬರುತ್ತಿದ್ದದ್ದು ಹೆಚ್ಚಾಗಿ ಪಾಲಿನ ದಾವೆಗಳು, ಬದುವಿನ ತಕರಾರುಗಳು. ಸಿನಿಮಾ ಮೇಲೆ ದಾವೆ ಹೂಡಬೇಕೆಂದು ಬಂದ ಮೊದಲ ಕಕ್ಷಿದಾರರು ಅಜ್ಜಂಪುರದ ಖಲೀಲ್ ಸಾಹೇಬರು. ಇಲ್ಲಿ ಬರುವ ಹೆಸರುಗಳನ್ನೆಲ್ಲ ಬದಲಿಸಿದ್ದೇನೆ.

ಎಪ್ಪತ್ತು ದಾಟಿದ್ದ ಖಲೀಲ್ ಒಂದು ಕಾಲದಲ್ಲಿ ಕಡೂರು ಕಡೆಯ ಶಾಸಕ ದ್ಯಾವಣ್ಣನವರ ಕಾರು ಓಡಿಸುತ್ತಿದ್ದವರು. ದ್ಯಾವಣ್ಣನವರು ಸತ್ತದ್ದು ಆ ಕಾರಿನಲ್ಲೇ. ಎಮ್ಮೆದೊಡ್ಡಿ ಕಡೆ ಸಭೆ ಮುಗಿಸಿ ಬರುವಾಗ ಎದೆನೋವು ಬಂತು, ಕಡೂರಿನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಉಸಿರು ನಿಂತಿತ್ತು. ಆಗ ಕಾರಿನಲ್ಲಿ ಇನ್ನಿಬ್ಬರಿದ್ದರು: ಖಲೀಲ್ ಮತ್ತು ದ್ಯಾವಣ್ಣನವರ ಹೆಂಡತಿ ಪುಟ್ಟಮ್ಮ.

ದ್ಯಾವಣ್ಣನವರ ಜೀವನದ ಮೇಲೆ ತೆಗೆದ ಸಿನಿಮಾದಲ್ಲಿ ಪುಟ್ಟಮ್ಮ ಆ ಕಾರಿನಲ್ಲಿಲ್ಲ. ಎದುರಾಳಿಗಳಿಂದ ದುಡ್ಡು ತಿಂದ ಡ್ರೈವರ್ ದನ ಮೇಯುವ ಕಾವಲಿನ ನಡುವೆ ಕಾರು ನಿಲ್ಲಿಸುತ್ತಾನೆ. ಇಂಜಿನ್ ಕೆಟ್ಟಿದೆ ಎಂದು ಸುಳ್ಳು ಹೇಳಿ, ಧಣಿಯ ಜೀವ ಹೋಗುವವರೆಗೆ ಬಾನೆಟ್ ಎತ್ತಿಕೊಂಡು ನಿಲ್ಲುತ್ತಾನೆ. ಶಾಸಕರಿಗೆ ನಿಜ ಹೆಸರನ್ನೇ ಇಟ್ಟಿದ್ದರು. ಡ್ರೈವರಿನ ಹೆಸರು ಮಾತ್ರ ಜಲೀಲ್.

ತಮ್ಮ ಧಣಿಯ ಸಿನಿಮಾ ಎಂದು ಖಲೀಲ್ ಇಸ್ತ್ರಿ ಅಂಗಿ ತೊಟ್ಟು, ಮಗಳು ನಸೀಮಾಳನ್ನು ಕರೆದುಕೊಂಡು ಕಡೂರಿನ ಟಾಕೀಸಿಗೆ ಹೋಗಿದ್ದರು. ಆ ದೃಶ್ಯ ಬಂದಾಗ ಮುಂದಿನ ಸಾಲಿನವರು ಒಬ್ಬೊಬ್ಬರಾಗಿ ಹಿಂದೆ ತಿರುಗಿದರಂತೆ. ಅಂದಿನಿಂದ ಅಜ್ಜಂಪುರದ ಹೋಟೆಲಿನಲ್ಲಿ ಅವರ ಮೇಜಿಗೆ ಯಾರೂ ಬಂದು ಕೂರಲಿಲ್ಲ. ದ್ಯಾವಣ್ಣನವರ ಪುಣ್ಯತಿಥಿಗೆ ಪ್ರತಿವರ್ಷ ಹಾರ ಹಿಡಿದು ಹೋಗುತ್ತಿದ್ದವರನ್ನು ಆ ವರ್ಷ ಗೇಟಿನಲ್ಲೇ ತಡೆದು ಕಳಿಸಿದರು. ನಸೀಮಾ ಹೊಲಿಗೆ ಕೆಲಸದವಳು. ಕುಪ್ಪಸಕ್ಕೆ ಅಳತೆ ಕೊಟ್ಟವರು ಬಟ್ಟೆ ವಾಪಸ್ ಒಯ್ದರು.

ದೃಶ್ಯ ತೆಗೆಯಬೇಕು, ಕ್ಷಮೆ ಕೇಳಬೇಕು ಎಂದು ಮಾನನಷ್ಟದ ದಾವೆ ಹೂಡಿದೆವು. ಇಂಟರಿಮ್ ಇಂಜಂಕ್ಷನ್, ಅಂದರೆ ತೀರ್ಪು ಬರುವವರೆಗಿನ ತಾತ್ಕಾಲಿಕ ತಡೆ, ಸಿಗಲಿಲ್ಲ. ಸಿನಿಮಾ ಆಗಲೇ ಊರೂರು ಮುಟ್ಟಿತ್ತು. ಪಾತ್ರಗಳು ಕಾಲ್ಪನಿಕವೆಂಬ ಸಾಲು ಮೊದಲಿಗೇ ಇದೆ ಎಂದು ನಿರ್ಮಾಪಕರು ವಾದಿಸಿದರು. ಪಾಟೀಸವಾಲಿನಲ್ಲಿ ಅವರ ವಕೀಲರು ಖಲೀಲರನ್ನು ಕೇಳಿದ್ದು ಇಷ್ಟೇ: ಸಿನಿಮಾದಲ್ಲಿರುವುದು ನಿಮ್ಮ ಹೆಸರಾ? ಅಲ್ಲ ಎಂದರು. ಹಾಗಾದರೆ ಅದು ನೀವೇ ಎಂದು ಹೇಗೆ ಹೇಳುತ್ತೀರಿ?

"ನಾನು ಹೇಳ್ಲಿಲ್ಲ ಸ್ವಾಮಿ. ಟಾಕೀಸಲ್ಲಿದ್ದೋರು ಪರದೆ ಬಿಟ್ಟು ನನ್ ಮುಖ ನೋಡಿದ್ರು."

ಇನ್ನು ಉಳಿದದ್ದು ಪುಟ್ಟಮ್ಮನವರ ಸಾಕ್ಷಿ. ನಾನು ಕಡೂರಿನ ಅವರ ಮನೆಗೆ ಹೋದೆ. ಕಾಫಿ ಕೊಟ್ಟು, ನಾನು ಕೇಳುವ ಮೊದಲೇ ಅವರು ಮಾತು ತೆಗೆದರು.

"ಅವರ ತಲೆ ನನ್ ತೊಡೆ ಮೇಲಿತ್ತು ಕಣಮ್ಮ. ನೀರು ಕುಡಿಸಾಣ, ನಿಲ್ಸು ಖಲೀಲಾ ಅಂತ ನಾನೇ ಅಂದೆ. ಅವನು ನಿಲ್ಲಿಸ್ಲಿಲ್ಲ. ನಿಲ್ಸಿದ್ರೆ ಉಳಿಯಲ್ಲ ಅಮ್ಮಾವ್ರೇ ಅಂತ ಅಳ್ತಾನೇ ಓಡಿಸ್ದ."

ಒಳಗಿನಿಂದ ಮಗ ಬಂದ. ಅಮ್ಮನಿಗೆ ಮರೆವು, ಅವರ ಮಾತು ನಂಬಬೇಡಿ ಎಂದು ನಗುತ್ತಲೇ ನನ್ನನ್ನು ಬಾಗಿಲವರೆಗೆ ಕಳಿಸಿದ. ಅವನು ಚುನಾವಣೆಗೆ ಟಿಕೆಟ್ ಕೇಳುತ್ತಿದ್ದ. ಎದೆನೋವಿನಿಂದ ಸತ್ತ ಅಪ್ಪನಿಗಿಂತ ದ್ರೋಹಕ್ಕೆ ಬಲಿಯಾದ ಅಪ್ಪ ಅವನಿಗೆ ಹೆಚ್ಚು ಉಪಯೋಗಕ್ಕೆ ಬರುತ್ತಿದ್ದ. ಕೋರ್ಟಿನಿಂದ ಸಮನ್ಸ್ ಹೋಯಿತು. ಸಾಕ್ಷಿಗೆ ಹುಷಾರಿಲ್ಲವೆಂದು ವೈದ್ಯರ ಸರ್ಟಿಫಿಕೇಟ್ ಬಂತು. ಮುಂದಿನ ದಿನಾಂಕಕ್ಕೂ ಅದೇ ಬಂತು. ಪುಟ್ಟಮ್ಮನವರನ್ನು ಬಲವಂತವಾಗಿ ಕರೆಸುವ ಆದೇಶ ಕೇಳೋಣ ಎಂದರೆ ಖಲೀಲ್ ಒಪ್ಪಲಿಲ್ಲ. "ಅಮ್ಮಾವ್ರನ್ನ ಪೊಲೀಸರು ಕರ್ಕೊಂಡ್ ಬರೋದು ಬೇಡ ಲಾಯರಮ್ಮ. ಬಂದ್ರೆ ಅವ್ರಾಗೇ ಬರ್ಲಿ" ಎಂದರು.

ಆ ಚಳಿಗಾಲದಲ್ಲಿ ಖಲೀಲರಿಗೆ ನ್ಯುಮೋನಿಯಾ ಆಯಿತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ತೀರಿಕೊಂಡರು. ಮಣ್ಣಿಗೆ ಬಂದವರು ಅವರ ಮಸೀದಿಯವರು ಮತ್ತು ಹಳೆಯ ಇಬ್ಬರು ಡ್ರೈವರುಗಳು.

ಜಮೀನಿನ ದಾವೆಯಾದರೆ ವಾದಿ ಸತ್ತರೂ ವಾರಸುದಾರರು ಮುಂದುವರಿಸಬಹುದು. ಮಾನನಷ್ಟದ ದಾವೆ ಹಾಗಲ್ಲ, ಮಾನ ಕಳೆದುಕೊಂಡವನ ಜೊತೆಗೇ ಅದೂ ಮುಗಿಯುತ್ತದೆ. ಅಬೇಟ್ ಆಗುವುದು ಎನ್ನುತ್ತೇವೆ. ಮುಂದಿನ ದಿನಾಂಕದಂದು ನಾನು ಮರಣದ ಮೆಮೋ ಕೊಟ್ಟೆ. ನ್ಯಾಯಾಧೀಶರು ಎರಡು ಸಾಲಿನ ಆದೇಶ ಬರೆಸುತ್ತಿದ್ದಾಗ ಬಾಗಿಲಲ್ಲಿ ಪುಟ್ಟಮ್ಮ ನಿಂತಿದ್ದರು. ಮಗ ಬೆಂಗಳೂರಿಗೆ ಹೋಗಿದ್ದನಂತೆ. ಒಬ್ಬರೇ ಕಡೂರಿನಿಂದ ಬಸ್ಸು ಹತ್ತಿ ಬಂದಿದ್ದರು. ಖಲೀಲ್ ಸತ್ತದ್ದನ್ನು ಆ ಮನೆಯಲ್ಲಿ ಯಾರೂ ಅವರಿಗೆ ತಿಳಿಸಿರಲಿಲ್ಲ.

ಸಾಕ್ಷಿ ಹೇಳಲು ಬಂದಿದ್ದಾರೆ ಎಂದು ನಾನು ಎದ್ದು ಹೇಳಿದೆ. ನ್ಯಾಯಾಧೀಶರು ಬರೆಸುವುದನ್ನು ಮುಗಿಸಿ ಅವರ ಕಡೆ ತಿರುಗಿದರು.

"ಕೂತ್ಕೊಳ್ಳಿ ತಾಯಿ. ಆದರೆ ಬರೆದುಕೊಳ್ಳೋದಕ್ಕೆ ಈಗ ಕೇಸೇ ಇಲ್ಲ."

ಪುಟ್ಟಮ್ಮ ಹಿಂದಿನ ಬೆಂಚಿನಲ್ಲಿ ಕೂತರು. ಮುಂದಿನ ಕೇಸು ಕರೆದರು.

ಹೊರಗೆ ಬಂದು, ಖಲೀಲ್ ತೀರಿಕೊಂಡದ್ದನ್ನು ನಾನು ತಿಳಿಸಿದ ಮೇಲೆ ಅವರು ಕೇಳಿದ್ದು ಖಲೀಲರ ಮನೆಗೆ ಕರೆದೊಯ್ಯಿರಿ ಎಂದು ಮಾತ್ರ. ನನ್ನ ಕಾರಿನಲ್ಲೇ ಅಜ್ಜಂಪುರಕ್ಕೆ ಹೋದೆವು. ನಸೀಮಾ ಹೊಲಿಗೆ ಯಂತ್ರ ಬಿಟ್ಟೆದ್ದು ಕುರ್ಚಿ ಹಾಕಿದಳು. ಅಂದು ಕಾರಿನಲ್ಲಿ ನಡೆದದ್ದನ್ನೆಲ್ಲ ಪುಟ್ಟಮ್ಮ ಮೊದಲಿನಿಂದ ಹೇಳಿದರು. ಅವಳು ಕೊನೆಯವರೆಗೂ ನಿಂತೇ ಕೇಳಿದಳು.

"ಇದು ನಂಗೆ ಗೊತ್ತಿತ್ತು ಅಮ್ಮ. ಅಬ್ಬಾ ಹೇಳ್ತಿದ್ರು. ಊರಿಗೆ ಗೊತ್ತಾಗ್ಬೇಕಿತ್ತು."

ಪುಟ್ಟಮ್ಮ ಅವಳ ಕೈ ಹಿಡಿಯಲು ಹೋದರು. ನಸೀಮಾ ಕೈ ಕೊಡದೆ ನೀರು ತರಲು ಒಳಗೆ ಹೋದಳು.

ಪುಟ್ಟಮ್ಮನವರ ಮಗನಿಗೆ ಟಿಕೆಟ್ ಸಿಕ್ಕಿತು. ಪ್ರಚಾರದ ವ್ಯಾನಿನಲ್ಲಿ ಸಿನಿಮಾದ ಆ ದೃಶ್ಯವನ್ನು ಊರೂರಿಗೆ ತೋರಿಸಿದರು, ಅಜ್ಜಂಪುರದ ಬಸ್ ಸ್ಟ್ಯಾಂಡಿನಲ್ಲಿಯೂ.

ಈಗಲೂ ಮಾನನಷ್ಟದ ದಾವೆ ಹೂಡಬೇಕೆಂದು ಆಗೊಮ್ಮೆ ಈಗೊಮ್ಮೆ ಯಾರಾದರೂ ಬರುತ್ತಾರೆ. ನಾನು ಮೊದಲು ಅವರ ವಯಸ್ಸು ಕೇಳುತ್ತೇನೆ, ಆಮೇಲೆ ಆರೋಗ್ಯ. ಏನಾಯಿತು ಎಂದು ಕೇಳುವುದು ಅದಾದ ಮೇಲೆ.