ಅಗಸೆ ಹಿಡಿದ ಮೋಟರು

ಆ ಮಧ್ಯಾಹ್ನ ನಮ್ಮ ಡಿಶ್‌ವಾಷರಿನ ಮೋಟರು ಯಾರ ಕೈಯಿಂದ ತಿರುಗಿತು ಎಂಬುದು ನನಗೆ ಖಚಿತವಿಲ್ಲ. ನನ್ನ ಬೆರಳು ಅದರ ಮೇಲಿತ್ತು, ಅಷ್ಟು ಗೊತ್ತು. ಮನೆಯ ಮಾಲೀಕರಾದ ಶಿವಲಿಂಗಪ್ಪ ಕಾಕಾ ಅದು ತಮ್ಮ ಬೆರಳು ಎನ್ನುತ್ತಾರೆ. ನನ್ನ ಹೆಂಡತಿ ಹೇಮಾಳ ಪ್ರಕಾರ ಬೆರಳು ಯಾರದೆಂಬುದು ಮುಖ್ಯವೇ ಅಲ್ಲ. ಮೋಟರು ತಿರುಗುವ ಮೊದಲೇ ನಾನು ಮೈಸೂರಿಗೆ ಫೋನ್ ಮಾಡಿ, ಬರುವುದಿಲ್ಲ ಎಂದು ಹೇಳಿಯಾಗಿತ್ತಂತೆ. ನನ್ನ ನೆನಪಿನಲ್ಲಿ ಫೋನು ಆಮೇಲಿನದು. ಕರೆ ಹೋದ ಹೊತ್ತು ಫೋನಿನಲ್ಲಿದೆ. ಮೋಟರು ತಿರುಗಿದ ಹೊತ್ತು ಎಲ್ಲೂ ಇಲ್ಲ.

ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸುವವನು. ಸಾಕ್ಷಿ ಎಲ್ಲಿ ಎಂದು ಮಕ್ಕಳನ್ನು ಕೇಳುವುದೇ ನನ್ನ ಕೆಲಸ. ಆ ಪ್ರಶ್ನೆ ಒಂದು ದಿನ ನನ್ನ ಅಡುಗೆಮನೆಗೇ ಬಂದು ಕೂರುತ್ತದೆ ಎಂದು ವಿಶ್ವವಿದ್ಯಾಲಯದಲ್ಲಿ ಯಾರೂ ಎಚ್ಚರಿಸಿರಲಿಲ್ಲ.

ನಮ್ಮೂರು ಕೊಳ್ಳೇಗಾಲದಲ್ಲಿ ಕೂತು ಇದನ್ನು ಓದುತ್ತಿರುವ ನಿಮಗೆ ಮೊದಲ ದಿನದ ಊಟದ ಬಗ್ಗೆ ಹೇಳಬೇಕು. ಹುಬ್ಬಳ್ಳಿಯ ಬೈರಿದೇವರಕೊಪ್ಪದ ಆ ಮನೆಯ ಮಹಡಿಗೆ ಸಾಮಾನು ಏರಿಸಿ ಸುಸ್ತಾಗಿದ್ದೆವು. ಕೆಳಗಿನಿಂದ ಕಾಕಾರ ಹೆಂಡತಿ ನೀಲವ್ವ ಕಾಕಿ ಊಟಕ್ಕೆ ಕರೆದರು. ಊಟ ಮುಗಿದ ಮೇಲೆ ಕಾಕಾ ತಮ್ಮ ತಟ್ಟೆಗೆ ನೀರು ಹೊಯ್ದು, ಬೆರಳಿನಿಂದ ಸುತ್ತಲೂ ಸವರಿ, ಆ ನೀರನ್ನು ಎತ್ತಿ ಕುಡಿದುಬಿಟ್ಟರು. ನಮ್ಮ ಕಡೆ ತಟ್ಟೆಗೆ ನೀರು ಹಾಕುವುದು ಕೈ ತೊಳೆಯಲಿಕ್ಕೆ. ನಾನು ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದೆ.

"ಹಂಗ್ಯಾಕ ನೋಡ್ತೀರಿ ಮಾಸ್ತರ? ಪ್ರಸಾದ ಐತಿ. ತಾಟಿನ್ಯಾಗ ಒಂದಗಳ ಬಿಡಬಾರ್ದು."

ಮರುದಿನ ನಮ್ಮ ಡಿಶ್‌ವಾಷರು ಮೇಲೇರುವುದನ್ನು ಕಂಡು ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ತಾಟು ತೊಳ್ಯಾಕ ಮಿಷನ್ನ? ನಾ ಉಂಡ ತಾಟು ಅದಕ್ಕ ಕೊಟ್ರ, ಪಾಪ, ಅದಕ್ಕೇನ್ ಕೆಲಸ ಇರ್ತೈತ್ರಿ?"

ಹೊಸ ಊರನ್ನು ನಾವು ಬಾಯಿಂದಲೇ ಕಲಿಯತೊಡಗಿದೆವು. ನಮ್ಮ ಮುದ್ದೆಯನ್ನು ನುಂಗಬೇಕು, ಇಲ್ಲಿಯ ಜೋಳದ ರೊಟ್ಟಿಯನ್ನು ಅಗಿಯಬೇಕು. ಮುದ್ದೆ ತಿಂದವನು ಬೇಗ ಎದ್ದುಬಿಡುತ್ತಾನೆ. ರೊಟ್ಟಿ ತಿನ್ನುವವನು ಕೂತು ಮಾತಾಡುತ್ತಾನೆ. ನಾನು 'ಬೇಗ' ಎಂದರೆ ಅಂಗಡಿಯವರು ನಗುತ್ತಿದ್ದರು; 'ಲಗೂ' ಎಂದ ಮೇಲೆ ಸಾಮಾನು ನಿಜವಾಗಿಯೂ ಬೇಗ ಬಂತು. ಅದೊಂದು ಗೆಲುವು. ಆದರೂ ಸಂಜೆ ಮಾಳಿಗೆಯ ಮೇಲೆ ನಿಂತರೆ, ಬೆಟ್ಟ ಇರಬೇಕಾದ ಕಡೆ ಬರೀ ಆಕಾಶ. ಗಬ್ಬೂರಿನ ಬೈಪಾಸ್ ಕಡೆಯಿಂದ ಗಾಳಿಯೊಂದು ಬೀಸಿ, ಲಾರಿಗಳ ಸದ್ದನ್ನು ತಂದು ಹಾಕಿ, ನಮ್ಮನ್ನು ಮಾತಾಡಿಸದೆ ಹೊರಟುಹೋಗುತ್ತಿತ್ತು.

ಕಾಕಿಯ ಡಬ್ಬಿ ಮೇಲೆ ಬರತೊಡಗಿದ್ದು ಆ ದಿನಗಳಲ್ಲಿ. ಅದರಲ್ಲಿ ಅಗಸಿ ಚಟ್ನಿ, ಎಂದರೆ ಅಗಸೆಬೀಜ ಹುರಿದು ಬೆಳ್ಳುಳ್ಳಿ ಖಾರದ ಜೊತೆ ಕುಟ್ಟಿದ ಪುಡಿ. ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸುವಂತಿಲ್ಲ. ಹೇಮಾ ಅದರಲ್ಲಿ ನಮ್ಮ ಹುರಿಗಡಲೆ ಚಟ್ನಿಪುಡಿ ಕಳಿಸುವಳು. ಅದೇ ಡಬ್ಬಿ ಮತ್ತೆ ಅಗಸೆ ತುಂಬಿಕೊಂಡು ಮೆಟ್ಟಿಲು ಹತ್ತುವುದು.

ನನಗೊಂದು ಚಾಳಿಯಿದೆ. ಏನಾದರೂ ಕೆಟ್ಟರೆ ಅದನ್ನು ರಿಪೇರಿ ಮಾಡುವುದಕ್ಕಿಂತ ಊರು ಬದಲಿಸುವುದು ನನಗೆ ಸುಲಭ. ಒಂದು ಊರಲ್ಲಿ ಸೋರುವ ಛಾವಣಿ, ಇನ್ನೊಂದು ಊರಲ್ಲಿ ಮುನಿಸಿಕೊಂಡ ವಿಭಾಗ ಮುಖ್ಯಸ್ಥರು. ಆ ಡಿಶ್‌ವಾಷರು ನಮ್ಮ ಜೊತೆ ಊರೂರು ಸುತ್ತಿದೆ. ಹೀಗಿರುವಾಗ ಮೈಸೂರಿನ ಒಂದು ಕಾಲೇಜಿನಿಂದ ಕೆಲಸಕ್ಕೆ ಕರೆ ಬಂತು. ಕೊಳ್ಳೇಗಾಲಕ್ಕೆ ಹತ್ತಿರ, ನಮ್ಮ ಮಾತು, ನಮ್ಮ ಅನ್ನಸಾರು. ಸೋಮವಾರದೊಳಗೆ ಹೂಂ ಅಥವಾ ಉಹೂಂ ಹೇಳಬೇಕಿತ್ತು.

ಹೇಮಾಗೆ ಇಲ್ಲಿಗೆ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಕೆಲಸ. ಅವಳಿಗೆ ಅದು ಹಿಡಿಸಿತ್ತು. "ಈ ಸಲ ಯಾವುದು ಕೆಟ್ಟಿದೆ ಅಂತ ಹೊರಡೋಣ ಹೇಳಿ," ಎಂದಳು. ನಾನು ಹುಡುಕಿದೆ. ಏನೂ ಕೆಟ್ಟಿರಲಿಲ್ಲ.

ರಜೆಗೆ ಕೊಳ್ಳೇಗಾಲಕ್ಕೆ ಹೋಗಿ ನಾವು ಭಾನುವಾರ ಹಿಂದಿರುಗಿದೆವು. ಹೇಮಾ ಡಿಶ್‌ವಾಷರಿಗೆ ಪಾತ್ರೆ ತುಂಬಿ ಗುಂಡಿ ಒತ್ತಿದಳು. ನೀರು ಒಳಗೆ ಬಂತು. ಆಮೇಲೆ ಒಂದು ಗುಂಯ್ ಎನ್ನುವ ಸದ್ದು, ಅಷ್ಟೇ. ನೀರು ಚಿಮ್ಮಲಿಲ್ಲ. ರಿಪೇರಿಯವನಿಗೆ ಫೋನ್ ಮಾಡಿದೆ. "ಮೋಟರ್ ಸುಟ್ಟಿರಬೇಕ್ರಿ ಸರ. ಹೊಸಾದು ತರಸ್ಬೇಕು. ವಾರ ಆಕ್ಕೈತಿ," ಎಂದ.

ಫೋನ್ ಇಟ್ಟಾಗ ನನ್ನ ಮುಖದಲ್ಲಿ ಏನಿತ್ತೋ ನನಗೆ ಕಾಣಲಿಲ್ಲ. ಹೇಮಾಗೆ ಕಂಡಿತು.

"ಖುಷಿಯಾಯ್ತಾ?"

"ನಾನೇನು ಸುಟ್ಟೆನಾ ಅದನ್ನ?"

"ಸುಟ್ಟಿದೆ ಅಂತ ನೀವು ನೋಡಿದ್ರಾ? ಮಕ್ಕಳಿಗೆ ಸಾಕ್ಷಿ ಸಾಕ್ಷಿ ಅಂತೀರಿ. ಬಿಚ್ಚಿ ನೋಡಿ."

ನೆಲದ ಮೇಲೆ ಮಲಗಿ ಯಂತ್ರಕ್ಕೆ ಕಿವಿ ಇಟ್ಟೆ. ಒಳಗೆ ಮೋಟರು ತಿರುಗಲಾರದೆ ಗುನುಗುತ್ತಿತ್ತು. ಆ ಸದ್ದು ನನಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ನಮ್ಮ ಬೀದಿಯ ರೇಷ್ಮೆ ನೂಲು ಬಿಚ್ಚುವ ಯಂತ್ರಗಳು ಮಧ್ಯಾಹ್ನವಿಡೀ ಹೀಗೇ ಗುನುಗುತ್ತಿದ್ದವು, ನಾನು ಅದರೊಳಗೆ ನಿದ್ದೆಹೋಗುತ್ತಿದ್ದೆ. ಕೆನ್ನೆಗೆ ತಣ್ಣನೆಯ ನೆಲ. ಯಾವ ಊರಿನ ನೆಲ ಎಂಬುದು ಒಂದು ಗಳಿಗೆ ಮರೆತುಹೋಯಿತು.

"ಮಾಸ್ತರ, ನಿದ್ದಿ ಹತ್ತೇತೇನ್ರಿ?" ಬಾಗಿಲಲ್ಲಿ ಕಾಕಾ. ಹಿಂದೆ ಕಾಕಿ, ಕೈಯಲ್ಲಿ ಮತ್ತದೇ ಡಬ್ಬಿ.

ಎದ್ದು ಪ್ಲಗ್ ಕಿತ್ತೆ. ಲೋಟದಿಂದ ನೀರು ತೋಡಿ ಹೊರಗೆ ಹಾಕಿದೆ. ಹತ್ತಿಯ ವ್ಯಾಪಾರ ಬಿಟ್ಟು ಮನೆಯಲ್ಲಿರುವ ಕಾಕಾ ಸ್ಟೂಲಿನ ಮೇಲೆ ಕೂತು ತೀರ್ಪು ಕೊಟ್ಟರು: "ಕೆಪ್ಯಾಸಿಟರ್ ಹೋಗೇತಿ. ಖರೇ ಹೇಳ್ತೇನಿ, ಬರದ ಇಟ್ಕೋರಿ."

"ನಮ್ಮ ಫ್ಯಾನಿಗೂ ಹಿಂಗ ಅಂದಿದ್ರಿ," ಎಂದರು ಕಾಕಿ. "ಕಡೀಕ ಸ್ವಿಚ್ಚ ಹಾಕಿದ್ದಿಲ್ಲ."

ಜರಡಿ ತೆಗೆದು, ಅದರ ಕೆಳಗಿನ ಮುಚ್ಚಳದ ಸ್ಕ್ರೂ ಬಿಚ್ಚಿದೆ. ಒಳಗೆ ನೀರನ್ನು ತಳ್ಳುವ ಸಣ್ಣ ರೆಕ್ಕೆಯ ಚಕ್ರ. ಅದು ಕಂದು ಅಂಟಿನಲ್ಲಿ ಹೂತುಹೋಗಿತ್ತು. ನಾವು ಊರಲ್ಲಿದ್ದ ದಿನಗಳಲ್ಲಿ ಅಂಟು ಒಣಗಿ ಗೋಂದಿನಂತೆ ಕಚ್ಚಿಕೊಂಡಿತ್ತು. ಕಾಕಿ ಒಂದಿಷ್ಟು ಕೆರೆದು ಮೂಸಿದರು.

"ಅಯ್ಯ ಶಿವನ! ಇದು ನನ್ನ ಅಗಸಿ! ಮಾಸ್ತರಿಗೆ ತಿನ್ರಿ ಅಂತ ಕೊಟ್ರ, ಮಿಷನ್ನಿಗೆ ತಿನಿಸೀರಲ್ಲ!"

ಹೇಮಾಗೆ ನಗುವೂ ನಾಚಿಕೆಯೂ ಒಟ್ಟಿಗೇ ಬಂದವು. "ತಳದಲ್ಲಿ ಉಳಿದಿದ್ದಷ್ಟೇ ಕಾಕಿ. ಪುಡಿ ತಾನೆ, ನೀರಿಗೆ ಹೋಗುತ್ತೆ ಅಂತ ಡಬ್ಬಿ ಹಾಗೇ ಮಿಷನ್ನಲ್ಲಿ ಇಡ್ತಿದ್ವಿ." ನಮ್ಮ ಹುರಿಗಡಲೆ ಪುಡಿ ಒಂದು ಚೆಂಬು ನೀರಿಗೆ ತೊಳೆದುಹೋಗುತ್ತದೆ. ಎಲ್ಲ ಪುಡಿಯೂ ಹಾಗೇ ಎಂದುಕೊಂಡಿದ್ದೆವು.

"ಹೋಗೂದಿಲ್ಲವ್ವಾ ತಂಗಿ. ಅಗಸಿಗೆ ನೀರ ಸೋಕಿತಂದ್ರ ಮುಗೀತು, ಹಿಡ್ಕೋತೈತಿ."

"ತಾಟು ತೊಳದ ಕುಡೀರಿ ಅಂದಿದ್ದೆ," ಎಂದರು ಕಾಕಾ. ಕೆಪ್ಯಾಸಿಟರಿನ ಮಾತು ಅವರು ಮತ್ತೆ ಎತ್ತಲಿಲ್ಲ.

ಕಾಕಿ ಬಿಸಿನೀರು ಹುಯ್ದು, ನೆನೆಯಲಿ ಬಿಡ್ರಿ ಎಂದರು. ಇಲ್ಲಿಂದ ಮುಂದಿನದು ನನಗೆ ನೀರಿನೊಳಗೆ ಕಂಡಂತೆ ಕಾಣುತ್ತದೆ. ಕಿಟಕಿಯಿಂದ ಗಾಳಿ. ಚಹಾದ ವಾಸನೆ. ಕಾಕಾ ಯಾವುದೋ ವರ್ಷದ ಹತ್ತಿಯ ಕಥೆ ಹೇಳುತ್ತಿದ್ದಾರೆ, ಆ ಹತ್ತಿ ಗಾಳಿಯಲ್ಲಿ ತೇಲುತ್ತಿದೆ. ನನ್ನ ಬೆರಳು ಚಕ್ರದ ಮೇಲಿದೆ. ಕಾಕಾ ಬಗ್ಗಿ ಕೈ ಹಾಕಿದ್ದೂ ನೆನಪಿದೆ. ಚಕ್ರ ತಡೆಯಿತು, ಕರಕ್ ಎಂದಿತು, ಆಮೇಲೆ ಏನೂ ಆಗಿಯೇ ಇಲ್ಲವೆಂಬಂತೆ ಮೃದುವಾಗಿ ತಿರುಗಿತು. ಮುಚ್ಚಳ ಹಾಕಿ, ಪ್ಲಗ್ ಹಾಕಿ ಗುಂಡಿ ಒತ್ತಿದಾಗ ಒಳಗೆ ಮಳೆ ಬಂದಂತೆ ನೀರು ಚಿಮ್ಮುವ ಸದ್ದು. ಕಾಕಿ ಡಬ್ಬಿಯನ್ನು ಹೇಮಾಳ ಕೈಗಿಟ್ಟರು. ಮೋಟರು ಸುಟ್ಟಿರಲಿಲ್ಲ.

ಇನ್ನು ಫೋನಿನ ವಿಷಯ. ಬಾಲ್ಕನಿಯಲ್ಲಿ ನಿಂತು "ಇಲ್ಲ ಸರ್, ಬರೋದಿಕ್ಕೆ ಆಗೋದಿಲ್ಲ" ಎಂದದ್ದು ಸ್ಪಷ್ಟ. ಆಗ ಬೆರಳಲ್ಲಿ ಅಗಸೆಯ ಅಂಟು ಇತ್ತೇ? ಇತ್ತು ಎನ್ನುತ್ತಾಳೆ ಹೇಮಾ. ಫೋನಿನ ಗಾಜಿನ ಮೇಲಿನ ಕಲೆಯನ್ನು ಅವಳೇ ಒರೆಸಿದಳಂತೆ. ಹಾಗಿದ್ದರೆ, ಕೆಲಸ ಮುಗಿಸಿ ಕೈ ತೊಳೆಯುವ ಮೊದಲೇ, ಚಕ್ರ ಇನ್ನೂ ಸಿಕ್ಕಿಕೊಂಡಿದ್ದಾಗಲೇ ನಾನು ಎದ್ದುಹೋಗಿ ನಿರ್ಧಾರ ಹೇಳಿದ್ದೇನೆ. ನನ್ನ ಬದುಕಿನಲ್ಲಿ ಮೊದಲ ಸಲ, ಕೆಟ್ಟದ್ದನ್ನು ಕೆಟ್ಟಂತೆಯೇ ಇಟ್ಟುಕೊಂಡು ಒಂದು ಊರಲ್ಲಿ ಉಳಿದಿದ್ದೇನೆ. ಇಲ್ಲವೇ, ನನ್ನ ನೆನಪೇ ಸರಿಯಾದರೆ, ನನ್ನನ್ನು ಇಲ್ಲಿ ಉಳಿಸಿದ್ದು ಸರಿಹೋದ ಯಂತ್ರ. ಹೇಮಾಳ ಮಾತು ನಿಜವಾಗಿರಲಿ ಎಂದು ಆಸೆಯಿದೆ. ಆಸೆಯಿರುವುದರಿಂದಲೇ ಅದನ್ನು ನಂಬಲು ಹಿಂಜರಿಕೆ.

ಆಮೇಲೆ ಊರಿಗೆ ಹೋದಾಗ ಕಾಕಿಯ ಪುಡಿಯನ್ನು ಪೊಟ್ಟಣ ಕಟ್ಟಿಕೊಂಡು ಹೋದೆ. ಅಣ್ಣನ ಮನೆಯ ಅಡುಗೆಕಟ್ಟೆಯ ಮೇಲೆ ಅದು ಹೇಗೆ ಹಿಡಿದುಕೊಳ್ಳುತ್ತದೆಂದು ತೋರಿಸಲು, ಸ್ಟೀಲಿನ ಪುಟ್ಟ ಲೋಟಕ್ಕೆ ಪುಡಿ ಹಾಕಿ ಬಿಸಿನೀರು ಹುಯ್ದು, ಕಲಸಿದ ಚಮಚವನ್ನು ಅದರಲ್ಲೇ ಬಿಟ್ಟೆ.

"ಯಾವೂರ್ ಪುಡಿಯಪ್ಪ ಇದು?" ಎಂದರು ಅಮ್ಮ.

ನಾನು "ನಮ್ಮೂರಿಂದು" ಎಂದೆನಂತೆ. ಅಮ್ಮ ಅದನ್ನು ಈಗಲೂ ಎಲ್ಲರ ಮುಂದೆ ಹೇಳಿ ಆಡಿಕೊಳ್ಳುತ್ತಾರೆ. ನಾನು "ಅಲ್ಲೀದು" ಎಂದ ನೆನಪು. ಎರಡರಲ್ಲಿ ಯಾವುದು ನಿಜ, ನನಗೆ ಗೊತ್ತಿಲ್ಲ. ಹುಬ್ಬಳ್ಳಿಯ ರೈಲಿಗೆ ಹೊರಡುವ ದಿನ ಆ ಲೋಟದಲ್ಲಿ ನಿಂತಿದ್ದ ಚಮಚವನ್ನು ಮೇಲೆತ್ತಿದೆ. ಒಣಗಿದ ಅಗಸೆ ಅದನ್ನು ಬಿಟ್ಟಿರಲಿಲ್ಲ. ಚಮಚದ ಜೊತೆ ಲೋಟವೂ ಮೇಲೆದ್ದು ಬಂತು. ಇದನ್ನು ಅಮ್ಮನೂ ನೋಡಿದ್ದಾರೆ.