ಎಲ್ಲಿ ಬೇಕಾದರೂ ಇಡಬಹುದು

ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ ನಮ್ಮ ಅಡುಗೆಮನೆಯಲ್ಲಿ ಒಂದು ವಾಸನೆ ಏಳುತ್ತಿತ್ತು. ಒಗ್ಗರಣೆಯದಲ್ಲ, ತಳ ಹಿಡಿದ ಹಾಲಿನದೂ ಅಲ್ಲ, ಕಾದ ಧೂಳಿನದು. ನನ್ನ ಲ್ಯಾಪ್‌ಟಾಪು ಎದ್ದು ಕೂರಲು ಒದ್ದಾಡುತ್ತಿದೆ ಎಂಬುದಕ್ಕೆ ಅದೇ ಗುರುತು. ಗುಂಡಿ ಒತ್ತಿ, ಅಕ್ಕಿ ತೊಳೆದು, ಕುಕ್ಕರ್ ಇಟ್ಟು, ಮೂರು ವಿಷಲ್ ಆದರೂ ಪರದೆಯ ಮೇಲೆ ಆ ಸಣ್ಣ ಉಂಗುರ ಸುತ್ತುತ್ತಲೇ ಇರುತ್ತಿತ್ತು. ನಾನು ಸೌಟು ಹಿಡಿದುಕೊಂಡೇ ಅದರ ಮುಂದೆ ನಿಂತು ಬೈಯುತ್ತಿದ್ದೆ. ಯಂತ್ರವನ್ನು ಬೈಯುವುದು ಹುಚ್ಚು ಎನ್ನುತ್ತೀರಾ? ಬೈದರೆ ತಿರುಗಿ ಮಾತಾಡದವರು ನಮ್ಮ ಮನೆಯಲ್ಲಿ ಬೇರೆ ಯಾರಿದ್ದರು ಹೇಳಿ.

ಲ್ಯಾಪ್‌ಟಾಪಿಗೆ ಅಡುಗೆಮನೆಯಲ್ಲೇನು ಕೆಲಸ ಎಂದು ನೀವು ಕೇಳಬೇಕು. ಅದರ ಬ್ಯಾಟರಿ ಸತ್ತು ಎರಡು ವರ್ಷವಾಗಿತ್ತು. ಪ್ಲಗ್ಗು ಕಿತ್ತ ಕ್ಷಣವೇ ಕಣ್ಣು ಮುಚ್ಚುತ್ತಿತ್ತು. ಚಾಮರಾಜಪೇಟೆಯ ನಮ್ಮ ಹಳೇ ಮನೆಯಲ್ಲಿ ಪ್ಲಗ್ಗುಗಳು ಬೆರಳೆಣಿಕೆಯಷ್ಟು. ಹಾಲಿನಲ್ಲಿರುವುದು ಟಿವಿಗೆ, ಮಲಗುವ ಕೋಣೆಯದು ನಮ್ಮವರ ಫೋನಿಗೆ, ಮಗಳ ಕೋಣೆಯದು ಇಸ್ತ್ರಿಪೆಟ್ಟಿಗೆಗೆ. ನನಗೆ ಉಳಿದದ್ದು ಮಿಕ್ಸಿಯದು. ಚಟ್ನಿ ರುಬ್ಬಿ ಮುಗಿದ ಮೇಲೆ ನನ್ನ ಸರದಿ. ಒಂಬತ್ತು ವರ್ಷದ ಹಿಂದೆ ಅದನ್ನು ತರುವಾಗ ನಾನೇ ಹೆಮ್ಮೆಯಿಂದ ಹೇಳಿದ್ದೆ: "ಎಲ್ಲಿ ಬೇಕಾದ್ರೂ ಇಟ್ಕೋಬಹುದು, ಯಾರಿಗೂ ತೊಂದರೆ ಇಲ್ಲ." ಎಂಥ ಜಾಣೆ ನಾನು!

ನನ್ನ ಕೆಲಸ ಅನುವಾದ. ಹಳೆಯ ಕ್ರಯಪತ್ರ, ವಿಭಾಗಪತ್ರಗಳನ್ನು ವಕೀಲರಿಗಾಗಿ ಕನ್ನಡದಿಂದ ಇಂಗ್ಲಿಷಿಗೆ ತರುವುದು. ಮೋಡಿ ಅಕ್ಷರದ ಹಾಗೆ ಸುತ್ತಿಕೊಂಡ ಕೈಬರಹ, ಪೂರ್ವಕ್ಕೆ ಇಂಥವರ ಹಿತ್ತಲು, ಪಶ್ಚಿಮಕ್ಕೆ ಸರ್ಕಾರಿ ಓಣಿ. ಊರಿನವರೆಲ್ಲರ ಮನೆಯ ಚಕ್ಕುಬಂದಿಯನ್ನು ಮಿಕ್ಸಿ ಪಕ್ಕ ಕೂತು ಬರೆದವಳು ನಾನು.

ಹೋದ ವಾರ ಅಂಥದ್ದೇ ಒಂದು ವಿಭಾಗಪತ್ರದ ಹನ್ನೊಂದನೇ ಪುಟದಲ್ಲಿದ್ದೆ. ಬಾಗಿಲಲ್ಲಿ ಕೊರಿಯರಿನವನು ಕರೆದ. ಸಹಿ ಹಾಕಿ ಬರುವಷ್ಟರಲ್ಲಿ ಅಡುಗೆಮನೆಯಿಂದ ಗರ್ರ್ ಎಂಬ ಸದ್ದು. ನಮ್ಮವರಿಗೆ ಸಕ್ಕರೆ ಕಾಯಿಲೆ. ದಿನಾ ಹಾಗಲಕಾಯಿ ರಸ ಕುಡಿಯುತ್ತಾರೆ. ನನ್ನ ಪ್ಲಗ್ಗು ಕಿತ್ತು ಮಿಕ್ಸಿ ಹಾಕಿದ್ದರು.

"ಅಯ್ಯೋ, ಸೇವ್ ಮಾಡಿರ್ತೀಯ ಅಂದ್ಕೊಂಡೆ ಕಣೇ."

ಮಾಡಿರಲಿಲ್ಲ. ಸೇವ್ ಎಂದು ಒತ್ತಿದರೆ ಅದು ಐದು ನಿಮಿಷ ಮೂರ್ಛೆ ಹೋಗುತ್ತಿತ್ತು, ಅದಕ್ಕೇ ಮುಂದೂಡುತ್ತ ಕೂತಿದ್ದೆ. ಹನ್ನೊಂದು ಪುಟವೂ ಹೋಯಿತು. ಆರು ವರ್ಷದಿಂದ ಕೆಲಸ ಕೊಡುತ್ತಿದ್ದ ವಕೀಲೆ ಫೋನಿನಲ್ಲಿ ಮೃದುವಾಗಿಯೇ ಹೇಳಿದರು: "ನಿಮ್ಮ ತಪ್ಪಲ್ಲ ಬಿಡಿ ಮೇಡಂ. ಆದ್ರೆ ನಂಗೆ ನಾಳೆ ಕೋರ್ಟಲ್ಲಿ ಡೇಟಿದೆ. ಇದನ್ನ ಬೇರೆಯವ್ರಿಗೆ ಕೊಡ್ತಿದೀನಿ. ಮುಂದಿನ್ದೂ ಅವ್ರೇ ನೋಡ್ಕೋತಾರೆ."

ಅವರು ಕೂಗಾಡಿದ್ದರೆ ನಾನೂ ಕೂಗಾಡಬಹುದಿತ್ತು. ಮೃದುವಾಗಿ ಹೇಳಿದ್ದರಿಂದ ಕೋಪವೆಲ್ಲ ಒಳಗೇ ಉಳಿಯಿತು. ನಮ್ಮವರು ಆ ಹಸಿರು ರಸವನ್ನು ಕುಡಿದು ಲೋಟ ತೊಳೆದಿಟ್ಟರು. ಲೋಟ ತೊಳೆದದ್ದಕ್ಕೂ ನನಗೆ ಸಿಟ್ಟು ಬಂತು.

ಮಾರನೆಯ ದಿನ ಲ್ಯಾಪ್‌ಟಾಪನ್ನು ಚೀಲಕ್ಕೆ ತುರುಕಿ ಗಾಂಧಿಬಜಾರಿನ ಹತ್ತಿರದ ಒಂದು ರಿಪೇರಿ ಅಂಗಡಿಗೆ ಹೋದೆ. ಅಂಗಡಿಯಾತ ಮುಚ್ಚಳ ಬಿಚ್ಚಿ, ಫ್ಯಾನಿನ ಸಂದಿಯಿಂದ ಒಂದು ಸಾಸಿವೆ ಕಾಳು, ಒಣ ಕರಿಬೇವಿನ ಚೂರು ತೆಗೆದು ಮೇಜಿನ ಮೇಲಿಟ್ಟು ನನ್ನ ಮುಖ ನೋಡಿದ.

"ಮೇಡಂ, ಇದಕ್ಕಿನ್ನು ದುಡ್ಡು ಸುರೀಬೇಡಿ. ಮನೇಲೇ ಕೂತು ಟೈಪ್ ಮಾಡೋರಿಗೆ ಡೆಸ್ಕ್‌ಟಾಪೇ ಸರಿ. ಹೆಂಗೂ ಇದನ್ನ ನೀವು ಎಲ್ಲೂ ತಗೊಂಡು ಹೋಗಲ್ಲ. ಟೇಬಲ್ ಎಲ್ಲಿದೆ ನಿಮ್ದು? ಕಿಟಕಿ ಪಕ್ಕಾನಾ, ಗೋಡೆ ಪಕ್ಕಾನಾ? ವೈರ್ ಎಷ್ಟುದ್ದ ಬೇಕು ಅಂತ ಕೇಳ್ದೆ."

"ನೋಡಿ ಹೇಳ್ತೀನಿ" ಎಂದು ಹೊರಗೆ ಬಂದು ಫುಟ್‌ಪಾತಿನ ಮೇಲೆ ನಿಂತೆ. ಐವತ್ತೆರಡು ವರ್ಷ, ಒಂದು ಎಂ.ಎ., ಇಪ್ಪತ್ತು ವರ್ಷದ ದುಡಿಮೆ. ಒಂದು ಕೀಬೋರ್ಡು ಇಡುವಷ್ಟು ಜಾಗ ನನ್ನದೆಂದು ತೋರಿಸಲು ನನ್ನ ಮನೆಯಲ್ಲಿರಲಿಲ್ಲ. ಮಗಳು ಕೆಲಸ ಸಿಕ್ಕಿ ಮೈಸೂರಿಗೆ ಹೋಗಿದ್ದರೂ ಅವಳ ಟೇಬಲ್ ಅವಳದೇ. ಹಾಲಿನ ಕಿಟಕಿಯ ಬಳಿಯದು ನಮ್ಮವರದು. ಅದರ ಮೇಲೆ ಕೇರಂ ಬೋರ್ಡು, ಬಡಾವಣೆ ಸಂಘದ ಫೈಲುಗಳು, ಮೀನಿಲ್ಲದ ಮೀನಿನ ತೊಟ್ಟಿ. ಸತ್ತ ಮೀನಿಗೂ ಮನೆಯಲ್ಲಿ ಜಾಗವಿತ್ತು!

ಆ ಸಿಟ್ಟಿನಲ್ಲೇ ಆಟೋ ಹತ್ತಿ ತ್ಯಾಗರಾಜನಗರದಲ್ಲಿ ತಮ್ಮನ ಮನೆಯಲ್ಲಿರುವ ಅಮ್ಮನನ್ನು ನೋಡಲು ಹೊರಟೆ. ದಾರಿಯುದ್ದಕ್ಕೂ ನೆನಪಾದದ್ದು ಅವಳ ಟೇಬಲ್ಲೇ.

ಅಮ್ಮ ಶೇಷಾದ್ರಿಪುರಂ ಕಡೆಯ ಒಂದು ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದಳು. ನಮ್ಮ ಕೇರಿಯಿಂದ ಸರ್ಕಾರಿ ಕೆಲಸಕ್ಕೆ ಹೋದ ಮೊದಲ ಹೆಂಗಸು. ನಾನು ಪಿಯುಸಿಯಲ್ಲಿದ್ದಾಗ ಒಂದು ದಿನ, ಸರ್ಟಿಫಿಕೇಟಿಗೆ ಸಾಹೇಬರ ಸೀಲು ಹಾಕಿಸಲು ಅವಳ ಜೊತೆ ಹೋಗಿದ್ದೆ. ಒಳಗೆ ಅವಳ ಜಾಗದಲ್ಲಿ ಒಂದು ಬೀರು ನಿಂತಿತ್ತು. ಅವಳ ಟೇಬಲ್ಲು, ಟೈಪ್‌ರೈಟರಿನ ಸಮೇತ, ಹೊರಗಿನ ಓಣಿಯಲ್ಲಿ ಸೈಕಲ್ಲುಗಳ ಪಕ್ಕದಲ್ಲಿತ್ತು. ಟಕಟಕ ಸದ್ದಿಗೆ ಎಲ್ಲರಿಗೂ ತಲೆನೋವು ಎಂಬುದು ಕಾರಣ. ಅವಳು ಕೂರುತ್ತಿದ್ದ ಮೂಲೆಯಲ್ಲೇ ಕುಡಿಯುವ ನೀರಿನ ಹೂಜಿಯೂ ಇತ್ತು. ನಿಜವಾದ ತಲೆನೋವು ಏನೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಅಮ್ಮ ಊಟದ ಚೀಲವನ್ನು ನನ್ನ ಕೈಗೆ ಕೊಟ್ಟು ಸೆರಗು ಸಿಕ್ಕಿಸಿದಳು. ಆ ಕಾಲದ ಟೈಪ್‌ರೈಟರು ಇಬ್ಬರು ಎತ್ತುವ ಭಾರ. ಒಬ್ಬಳೇ ತಬ್ಬಿಕೊಂಡು ಎತ್ತಿದಳು. ಸೀದಾ ಸೂಪರಿಂಟೆಂಡೆಂಟರ ಮೇಜಿಗೆ ಹೋಗಿ, ಅವರು ಓದುತ್ತಿದ್ದ ಪೇಪರಿನ ಮೇಲೇ ಇಟ್ಟು, ಎದುರಿನ ಕುರ್ಚಿ ಎಳೆದು ಕೂತಳು.

"ಏನಮ್ಮಾ ಇದು?"

"ಡ್ರಾಫ್ಟ್ ಕೊಡಿ ಸರ್. ಅರ್ಜೆಂಟ್ ಅಂದಿದ್ರಲ್ಲ."

"ನಿನ್ನ ಟೇಬಲ್ ಹೊರಗಿದೆಯಲ್ಲಮ್ಮ."

"ಬೀರು ತೆಗ್ಸಿ ಸರ್. ತೆಗ್ಸೋವರ್ಗೂ ಇಲ್ಲೇ ಹೊಡೀತೀನಿ."

ಒಂದು ಗಂಟೆಯೊಳಗೆ ಬೀರು ಜರುಗಿತು. ಈ ಕತೆಯನ್ನು ನಾನು ಗೆಳತಿಯರಿಗೆ, ಮದುವೆಯಾದ ಮೇಲೆ ನಮ್ಮವರಿಗೆ, ಆಮೇಲೆ ಮಗಳಿಗೆ, ಅದೆಷ್ಟು ಸಲ ಹೇಳಿದ್ದೇನೋ. ಪ್ರತಿ ಸಲವೂ ಬೀರು ಜರುಗುವಲ್ಲಿಗೆ ಮುಗಿಸುತ್ತಿದ್ದೆ.

ನಾನು ಹೋದಾಗ ಅಮ್ಮ ತಮ್ಮನ ಮನೆಯ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಹನ್ನೊಂದು ಪುಟ, ಹಾಗಲಕಾಯಿ, ಅಂಗಡಿಯಾತ ಕೇಳಿದ ಪ್ರಶ್ನೆ, ಎಲ್ಲ ಒದರಿದೆ. "ನಿನ್ನ ಹಾಗೆ ಒಂದೇ ದಿನಕ್ಕೆ ಇತ್ಯರ್ಥ ಮಾಡೋ ಗಟ್ಟಿತನ ನಂಗಿಲ್ಲ ಬಿಡಮ್ಮ" ಎಂದೆ.

ಅವಳು ತಲೆ ಎತ್ತಿದಳು. "ಒಂದ್ ದಿನಾನಾ? ಮಾರನೇ ದಿನ ಹೋದ್ರೆ ಟೇಬಲ್ಲು ಮತ್ತೆ ಹೊರಗಡೆ ಇತ್ತು ಕಣೇ."

"ಏನು?"

"ಮತ್ತೆ ಎತ್ಕೊಂಡೋಗಿ ಅವರ ಮೇಜಿನ ಮೇಲಿಟ್ಟೆ. ಅದರ ಮಾರನೇ ದಿನಾನೂ ಅಷ್ಟೇ. ಹದಿನಾರೋ ಹದಿನೇಳೋ ದಿನ ಹಂಗೇ ನಡೀತು. ನನ್ನ ಸೊಂಟ ಹೋಗಿದ್ದು ಆವಾಗ್ಲೇ."

"ನಮಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿಮ್ಮಪ್ಪ ಕೆಲಸ ಬಿಡು ಅಂತಿದ್ರು."

"ಕೊನೆಗೆ ಹೇಗೆ ನಿಲ್ತು?"

"ಹೊರಗಿಟ್ಟು ಇಟ್ಟು ಅವ್ರಿಗೇ ಬೇಜಾರಾಯ್ತು." ಅಮ್ಮ ಹುಳುಕು ಕಾಳೊಂದನ್ನು ಪಕ್ಕಕ್ಕೆಸೆದಳು. "ನಿನ್ನನ್ನ ಯಾರೇ ಹೊರಗಿಟ್ಟಿದ್ದು?"

ಅವಳ ಸೊಂಟಕ್ಕೆ ಎಣ್ಣೆ ಹಚ್ಚುವಾಗಲೆಲ್ಲ, ಕೂತು ಕೂತು ಹೀಗಾಗಿದೆ ಎಂದುಕೊಂಡಿದ್ದ ನನ್ನ ಮೇಲೇ ಅಸಹ್ಯವಾಯಿತು. ಮೀನಿನ ತೊಟ್ಟಿಯನ್ನು ಬಿಟ್ಟು ಬೇರೆ ಯಾರೂ ನನ್ನ ಟೇಬಲ್ ಕಿತ್ತುಕೊಂಡಿರಲಿಲ್ಲ. ಬೇಕೆಂದು ನಾನು ಕೇಳಿರಲೇ ಇಲ್ಲ. ಯಾರೂ ಏಳು ಎನ್ನುವ ಮುಂಚೆಯೇ ಎದ್ದು ಅಡುಗೆಮನೆಗೆ ಹೋಗಿದ್ದವಳು ನಾನು.

ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಹೇಳಿದೆ: "ರೀ, ಕಿಟಕಿ ಹತ್ರದ ಟೇಬಲ್ ನಂಗೆ ಬೇಕು."

"ತಗೋ, ಅದಕ್ಕೇನಂತೆ. ಎಷ್ಟು ದಿನಕ್ಕೆ?"

"ದಿನಕ್ಕಲ್ಲ. ನಂಗೆ ಬೇಕು."

ಅವರು ನಕ್ಕರು. ನಾನು ನಗಲಿಲ್ಲ. ಕೇರಂ ಬೋರ್ಡನ್ನು ಅಟ್ಟಕ್ಕೆ, ಫೈಲುಗಳನ್ನು ಅವರ ಮಂಚದ ಕೆಳಗೆ, ತೊಟ್ಟಿಯನ್ನು ತರಕಾರಿ ಗಾಡಿಯಾಕೆಗೆ ಸಾಗಿಸಿದೆ. ಶನಿವಾರ ಡೆಸ್ಕ್‌ಟಾಪು ಬಂತು, ಟಿವಿಯ ಪ್ಲಗ್ಗಿನಿಂದ ಕಿಟಕಿಯವರೆಗೆ ಎಳೆಯುವಷ್ಟು ಉದ್ದದ ವೈರೂ ಬಂತು. ಗುಂಡಿ ಒತ್ತಿದರೆ ಒಂದು ತುತ್ತು ನುಂಗುವಷ್ಟರಲ್ಲಿ ಏಳುತ್ತದೆ. ಅಷ್ಟು ಬೇಗ ಎದ್ದದ್ದು ನೋಡಿ ನನಗೆ ಸಂತೋಷವಾಗಬೇಕಿತ್ತು. ಆದರೆ ಎರಡು ವರ್ಷ ಉಂಗುರ ನೋಡುತ್ತ ಕಳೆದ ಬೆಳಗುಗಳ ಲೆಕ್ಕ ತಲೆಗೆ ಬಂದು ಇನ್ನಷ್ಟು ಸಿಟ್ಟು ಬಂತು.

ನಮ್ಮವರು ಕೆಟ್ಟವರಲ್ಲ, ಮರೆವಿನವರು. ಭಾನುವಾರ ಕೀಬೋರ್ಡಿನ ಮೇಲೆ ಕೊತ್ತಂಬರಿ ಕಟ್ಟು ಇತ್ತು. ಸೋಮವಾರ ಇಸ್ತ್ರಿ ಬಟ್ಟೆಯ ಗಂಟು. ಮಂಗಳವಾರ ಹೆಲ್ಮೆಟ್ಟು. ಮೂರೂ ದಿನ ನಾನು ತುಟಿ ಬಿಚ್ಚದೆ ಅವನ್ನೆತ್ತಿ ನೆಲದ ಮೇಲಿಟ್ಟೆ. ಬುಧವಾರ ಟೇಬಲ್ಲು ಖಾಲಿಯಿತ್ತು.

ಇವತ್ತು ನಾನು ಇದನ್ನು ಬರೆಯುತ್ತಿರುವಾಗ ಅವರು ಕೈಯಲ್ಲೊಂದು ಕಾಗದ ಹಿಡಿದು ಪಕ್ಕದಲ್ಲಿ ಬಂದು ನಿಂತರು. ಸಂಘದ್ದೊಂದು ಪತ್ರ ಟೈಪ್ ಆಗಬೇಕಂತೆ.

"ಒಂದೈದು ನಿಮಿಷ ಏಳ್ತೀಯಾ?"

"ಈ ಪುಟ ಮುಗೀಲಿ. ಆಮೇಲೆ ನಾನೇ ಹೊಡೆದು ಕೊಡ್ತೀನಿ. ಅಲ್ಲೀವರ್ಗೂ ಒಂದು ಕುರ್ಚಿ ತಂದ್ಕೊಂಡು ಕೂತ್ಕೊಳ್ಳಿ."

ಸ್ವಲ್ಪ ಹೊತ್ತು ನಿಂತೇ ಇದ್ದರು, ನಾನು ಏಳುವೆನೇನೋ ಎಂದು. ನಾನು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ ಅಡುಗೆಮನೆಯಿಂದ ಕುರ್ಚಿ ಎಳೆದುಕೊಂಡು ಬರುವ ಸದ್ದು ಕೇಳಿಸಿತು.