ವಾಡೆ ನೋಡಾಕ ಹೋದ ಅಮಾಸಿ

ಅಮಾಸಿ ದಿನ ನಾವು ಇಳಕಲ್ಲಿನ ನೇಕಾರರು ಮಗ್ಗ ಮುಟ್ಟೂದಿಲ್ಲ. ಅಂಥಾ ಒಂದು ಸೂಟಿ ದಿನ ಹೆಂಡತಿನ್ನ ಕರಕೊಂಡು ಕುಳಗೇರಿ ಕ್ರಾಸಿನ ಆಚಿ ಊರಾಗಿನ ದೇಸಾಯರ ಅರಮನಿಯಂಥಾ ಹಳೇ ವಾಡೆ ನೋಡಾಕ ಹೋಗಿದ್ದೆ.

ಬಾಗಲದಾಗ ಮನಿ ಹಿರೇ ಅವ್ವಾರು ನಿಂತಿದ್ರು. "ಗಂಡಸರು ಊರಾಗಿಲ್ಲ, ಒಳಗ ಬಿಡಂಗಿಲ್ರಿ" ಅಂದ್ರು.

ಹೊಳ್ಳಬೇಕು ಅನ್ನೂದ್ರಾಗ ಅವರ ಇಳಕಲ್ ಸೀರಿ ಕಣ್ಣಿಗೆ ಬಿತ್ತು. ಸೆರಗು ಸೀರಿ ಒಡಲಿಗೆ ಕೂಡೂ ಕಡೆ ಗೇಣುದ್ದ ನೂಲು ಬಿಟ್ಟಿತ್ತು. ತಡಕೊಳ್ಳಾಕ ಆಗಲಿಲ್ಲ. "ಅವ್ವಾರ, ಸೆರಗು ಬಿಟ್ಟೇತ್ರಿ. ಸೂಜಿ ಕೊಡ್ರಿ, ಕೂಡಿಸಿ ಕೊಡ್ತೇನಿ" ಅಂದುಬಿಟ್ಟೆ. ಮಂದಿ ಮನಿ ಹೆಣ್ಮಗಳ ಸೆರಗು ನೋಡಿದ್ದಕ್ಕ ಹೆಂಡತಿ ಹಿಂದಿಂದ ಜೋರಾಗಿ ಚಿವುಟಿದ್ಲು.

ಅವ್ವಾರು ನನ್ನ ಮಾರಿ ನೋಡಿದ್ರು. "ನೇಕಾರ ಏನಪಾ? ಮತ್ತ ಅಮಾಸಿ ದಿನ ನೂಲು ಮುಟ್ಟತೀಯೇನು?"

ಸೂಜಿಗೆ ಚಾಚಿದ ಕೈ ಹಿಂದಕ ತಗೊಂಡೆ. ಅವರು ನಕ್ಕು ಬಾಗಲಾ ತೆಗದ್ರು. "ನೋಡಾಕ ಅಡ್ಡಿಯಿಲ್ಲ, ಬಾ" ಅಂತ ಪಡಸಾಲ್ಯಾಗ ಕುಂದರಿಸಿ, ಅತ್ತಿ ಕಾಲದ ಸೀರಿ ಟ್ರಂಕಿನಿಂದ ತಂದು ನನ್ನ ತೊಡಿ ಮ್ಯಾಲೆ ಹಾಸಿದ್ರು. ನಮ್ಮಪ್ಪ ಬರೇ ಬಾಯಿಲೆ ವರ್ಣಿಸಿದ್ದ ಸೆರಗು ಅದು. ಅಪ್ಪನ್ನ ನೆನೆಸಿ ಕಣ್ಣು ತುಂಬಿ ಬಂತು. ಸಂಜಿತನಕ ಕುಂತಲ್ಲಿಂದ ಏಳಲಿಲ್ಲ. ಹೆಂಡತಿ ಮಾತ್ರ ಕಡಾ ತಂದ ಕ್ಯಾಮೆರಾ ಹಿಡಕೊಂಡು ವಾಡೆ ಪೂರಾ ತಿರುಗಿದ್ಲು.

ಮುಂದಿನ ವಾರ ಸೂಜಿ ತಗೊಂಡು ಹೋಗಿ ಅವ್ವಾರ ಸೀರಿ ಕೂಡಿಸಿ ಕೊಟ್ಟು, ಕಾಲಿಗೆ ಬಿದ್ದು ಬಂದೆ. ಆವತ್ತೂ ಪಡಸಾಲಿ ದಾಟಲಿಲ್ಲ. ವಾಡೆ ಹ್ಯಾಂಗೈತಿ ಅಂತ ನನಗ ಗೊತ್ತಾದದ್ದು ಕ್ಯಾಮೆರಾದ ರೀಲು ತೊಳಿಸಿದ ಮ್ಯಾಲೆ.